ಎರಡನೇ ಸಪ್ಲೈ ಕೈಕೊಡುವ ಜಾಗ

ಕರ್ನಾಟಕದ ಕಾರ್ಖಾನೆ, ವಿದ್ಯುತ್ ಸ್ಥಾವರ, ರಿಫೈನರಿ ಮತ್ತು ನೀರು ಸರಬರಾಜು ಕೇಂದ್ರಗಳ ಇನ್‌ಸ್ಟ್ರುಮೆಂಟ್ ಹಾಗೂ ಎಲೆಕ್ಟ್ರಿಕಲ್ ವಿಭಾಗದವರಿಗೆ ಒಂದು ಬಹಿರಂಗ ಪತ್ರ



ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಒಕೋನಿ ಅಣುಸ್ಥಾವರದ ಮೂರನೇ ಘಟಕದಲ್ಲಿ 1979ರ ನವೆಂಬರ್ 10ರಂದು ಒಂದು ಇನ್ವರ್ಟರಿನ ಫ್ಯೂಸ್ ಹೋಯಿತು. ಅದರಲ್ಲೇನೂ ವಿಶೇಷವಿಲ್ಲ, ಫ್ಯೂಸ್ ಇರುವುದೇ ಹೋಗಲಿಕ್ಕೆ. ಇನ್ವರ್ಟರ್ ಕೈಬಿಟ್ಟರೆ ಲೋಡನ್ನು ಎತ್ತಿಕೊಳ್ಳಲು ಇನ್ನೊಂದು ಎಸಿ ಸಪ್ಲೈ ಸಿದ್ಧವಾಗಿ ನಿಂತಿತ್ತು. ಅತ್ತ ತಾನಾಗಿಯೇ ಬದಲಾಯಿಸುವ ಸ್ವಿಚ್ಚೂ ಇತ್ತು. ಸ್ವಿಚ್ಚು ಬದಲಾಯಿಸಲಿಲ್ಲ. ರಿಯಾಕ್ಟರ್, ಸ್ಟೀಮ್ ಜನರೇಟರ್, ಟರ್ಬೈನ್ ಮೂರನ್ನೂ ಹೊಂದಿಸಿಕೊಂಡು ಹೋಗುವ ನಿಯಂತ್ರಣ ವ್ಯವಸ್ಥೆ ನಿಂತುಹೋಯಿತು, ಕಂಟ್ರೋಲ್ ರೂಮಿನ ಬಹುಪಾಲು ಮೀಟರುಗಳು ನಿಷ್ಪ್ರಯೋಜಕವಾದವು. ಸುಮಾರು ಮೂರು ನಿಮಿಷದ ಮೇಲೆ ಆಪರೇಟರೊಬ್ಬರು ಕೈಯಿಂದಲೇ ಎಸಿ ಸಪ್ಲೈ ಕೊಟ್ಟಾಗ ಮೀಟರುಗಳಿಗೆ ಜೀವ ಬಂತು.

ಇಪ್ಪತ್ತು ದಿನಗಳೊಳಗೆ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 79-27 ಎಂಬ ಸಂಖ್ಯೆಯ ಬುಲೆಟಿನ್ ಹೊರಡಿಸಿತು. ಉಪಕರಣಗಳಿಗೆ ಕರೆಂಟ್ ಕೊಡುವ ಒಂದೊಂದು ಬಸ್ ಹೋದರೂ ಯಾವ ಯಾವ ಮೀಟರು, ಯಾವ ಯಾವ ವಾಲ್ವು ಜೊತೆಗೆ ಹೋಗುತ್ತವೆ, ಆಗ ಆಪರೇಟರ್ ಏನು ನೋಡಿಕೊಂಡು ಏನು ಮಾಡಬೇಕು ಎಂಬುದನ್ನು ಪರಿಶೀಲಿಸಿ ತಿಳಿಸಬೇಕೆಂದು ಸ್ಥಾವರಗಳಿಗೆ ಹೇಳಿತು. ಆ ಪ್ರಶ್ನೆ ಅಣುಸ್ಥಾವರಗಳಿಗೆ ಮಾತ್ರ ಸೇರಿದ್ದಲ್ಲ. ಶಕ್ತಿನಗರದ ಬಾಯ್ಲರಿಗೂ ತೋರಣಗಲ್ಲಿನ ಉಕ್ಕಿನ ಕುಲುಮೆಗೂ ಮಂಗಳೂರಿನ ರಿಫೈನರಿಗೂ ಬೆಂಗಳೂರಿಗೆ ಕಾವೇರಿ ನೀರೆತ್ತುವ ಪಂಪ್‌ಹೌಸಿಗೂ ಅದು ಅಷ್ಟೇ ಸಲ್ಲುತ್ತದೆ. ಈ ಪತ್ರ ಆ ಹಳೆಯ ಪ್ರಶ್ನೆಯ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಂಡಿದೆ: ಫೀಲ್ಡಿನಲ್ಲಿ ಕೂತ ಉಪಕರಣಕ್ಕೆ ಎರಡು ಕಡೆಯಿಂದ ಎಸಿ ಕೊಟ್ಟ ಮೇಲೂ ಅದು ಯಾಕೆ ಸಾಯುತ್ತದೆ?

ಫೀಲ್ಡಿನ ಬಹುಪಾಲು ಟ್ರಾನ್ಸ್‌ಮಿಟರುಗಳಿಗೆ ಈ ತಲೆನೋವೇ ಇಲ್ಲ. ಪ್ರೆಷರ್, ಟೆಂಪರೇಚರ್, ಲೆವೆಲ್ ಅಳೆಯುವ ಎರಡು ತಂತಿಯ ಉಪಕರಣ ತನ್ನ 4–20 ಮಿಲಿಆಂಪಿಯರ್ ಲೂಪಿನಲ್ಲೇ 24 ವೋಲ್ಟ್ ಡಿಸಿಯನ್ನು ಕುಡಿದು ಬದುಕುತ್ತದೆ. ತೊಂದರೆ ಇರುವುದು ಹಸಿವು ಹೆಚ್ಚಿರುವ ನಾಲ್ಕು ತಂತಿಯ ಬಳಗಕ್ಕೆ. ಮ್ಯಾಗ್ನೆಟಿಕ್ ಫ್ಲೋಮೀಟರ್, ಕೊರಿಯಾಲಿಸ್ ಮೀಟರ್, ಫ್ಲೂ ಗ್ಯಾಸಿನ ಆಮ್ಲಜನಕ ಅಳೆಯುವ ಜಿರ್ಕೋನಿಯಾ ಪ್ರೋಬ್, ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಚಿಮಣಿಯ ಹೊಗೆ ಅಳೆಯುವ ಅನಲೈಸರುಗಳು, ಮೋಟಾರು ಅಥವಾ ಸೊಲೆನಾಯ್ಡ್‌ನಿಂದ ನಡೆಯುವ ವಾಲ್ವುಗಳು ಈ ಬಳಗದವು. ಇವುಗಳಲ್ಲಿ ಹಲವಕ್ಕೆ 110 ಇಲ್ಲವೇ 230 ವೋಲ್ಟ್ ಎಸಿ ಬೇಕು. ಯುಪಿಎಸ್‌ನಿಂದ ಹೊರಟ ಕೇಬಲ್ ಎಸಿ ಡಿಸ್ಟ್ರಿಬ್ಯೂಷನ್ ಬೋರ್ಡು, ಜಂಕ್ಷನ್ ಬಾಕ್ಸು ಎಲ್ಲ ದಾಟಿ ನೂರಾರು ಮೀಟರ್ ಆಚೆ ಬಿಸಿಲಲ್ಲೋ ಮಳೆಯಲ್ಲೋ ಕೂತ ಒಂದು ಡಬ್ಬಿಗೆ ಹೋಗಿ ಸೇರುತ್ತದೆ.

ಡಿಸಿಯಲ್ಲಿ ಇಮ್ಮಡಿ ಸಪ್ಲೈ ಕೊಡುವುದು ಸಲೀಸು. ಎರಡು ಪವರ್ ಸಪ್ಲೈ, ಒಂದೊಂದಕ್ಕೂ ಒಂದು ಡಯೋಡ್, ಮುಗಿಯಿತು. ಒಂದು ಕುಸಿದರೆ ಇನ್ನೊಂದು ಅದೇ ಕ್ಷಣದಲ್ಲಿ ಲೋಡು ಹೊರುತ್ತದೆ, ಬದಲಾವಣೆ ಎಂಬುದೇ ನಡೆಯುವುದಿಲ್ಲ. ಎಸಿಯ ಜಾಯಮಾನ ಬೇರೆ. ಸೆಕೆಂಡಿಗೆ 50 ಆವರ್ತ ಮುಗಿಸುವ ಎರಡು ಮೂಲಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ನಡೆಯದಿದ್ದರೆ ಅವನ್ನು ಜೋಡಿಸುವಂತೆಯೇ ಇಲ್ಲ. 230 ವೋಲ್ಟಿನ ಎರಡು ಲೈನುಗಳು ಪೂರ್ತಿ ವಿರುದ್ಧ ಫೇಸಿನಲ್ಲಿದ್ದರೆ ಅವುಗಳ ನಡುವಿನ ವ್ಯತ್ಯಾಸ ತುತ್ತತುದಿಯಲ್ಲಿ 650 ವೋಲ್ಟ್ ಮುಟ್ಟುತ್ತದೆ. ಹಾಗಾಗಿ ಎಸಿಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಒಂದು ಸಂದು ಇದ್ದೇ ಇರುತ್ತದೆ. ಈ ಪತ್ರದ ತಕರಾರೆಲ್ಲ ಆ ಸಂದಿನ ಬಗ್ಗೆ.

ಆ ಸಂದು ಎಷ್ಟು ಅಗಲ ಎಂಬುದು ಮೊದಲ ಲೆಕ್ಕ. ಎಸಿಯ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಥೈರಿಸ್ಟರುಗಳಿಂದ ಮಾಡಿದ ಸ್ಟ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್ಚು, ಎರಡು ಮೂಲಗಳೂ ಒಂದೇ ಫೇಸಿನಲ್ಲಿದ್ದರೆ, ಕಾಲು ಆವರ್ತದಲ್ಲಿ ಅಂದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಎರಡು ಕಾಂಟ್ಯಾಕ್ಟರುಗಳಿಗೆ ಇಂಟರ್‌ಲಾಕ್ ಹಾಕಿ ಪ್ಯಾನಲ್‌ನವರು ಕಟ್ಟಿಕೊಡುವ ಚೇಂಜ್‌ಓವರ್ ಅದರ ಹತ್ತಾರು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಕಂಪ್ಯೂಟರುಗಳಿಗಾಗಿ ರೂಪಿಸಿದ ಐಟಿಐಸಿ ರೇಖೆ 20 ಮಿಲಿಸೆಕೆಂಡ್ ಪೂರ್ತಿ ಕರೆಂಟ್ ಹೋದರೂ ಯಂತ್ರ ನಡೆಯುತ್ತಿರಬೇಕು ಎನ್ನುತ್ತದೆ. ಫೀಲ್ಡ್ ಉಪಕರಣ ಆ ರೇಖೆಯನ್ನು ಓದಿಕೊಂಡು ಹುಟ್ಟಿರುವುದಿಲ್ಲ. ಸಣ್ಣ ರಿಲೇ, ಸೊಲೆನಾಯ್ಡುಗಳಂತೂ ಒಂದೆರಡು ಆವರ್ತ ತಪ್ಪಿದರೆ ಹಿಡಿತ ಬಿಡಬಲ್ಲವು.

ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೆ ಏನಂತೆ ಎಂದು ಕೇಳುವವರು ಕಾರ್ಖಾನೆಗಳಲ್ಲಿ ಇದ್ದೇ ಇದ್ದಾರೆ. ಕರೆಂಟು ಮರಳಿದ್ದು ಬೇರೆ, ಅಳತೆ ಮರಳಿದ್ದು ಬೇರೆ. ಮೈಕ್ರೊಪ್ರೊಸೆಸರ್ ಇರುವ ಫ್ಲೋಮೀಟರ್ ಮತ್ತೆ ಏಳಲು, ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು, ಸಿಗ್ನಲ್ ನೆಲೆಗೊಳಿಸಲು ಹಲವು ಸೆಕೆಂಡು ಬೇಕು. ಜಿರ್ಕೋನಿಯಾ ಪ್ರೋಬಿನ ಕೋಶ ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲಸ ಮಾಡುವಂಥದ್ದು. ಅದರ ಹೀಟರಿನ ಫೀಡರ್ ಟ್ರಿಪ್ ಆಗಿ ಪ್ರೋಬ್ ತಣಿದರೆ ಮತ್ತೆ ಕಾಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಕ್ರೊಮ್ಯಾಟೊಗ್ರಾಫಿನ ಓವನ್ ತಣಿದರಂತೂ ನಂಬುವಂಥ ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯಬೇಕಾದೀತು. ಈ ನಡುವೆ ಸಿಗ್ನಲ್ 4 ಮಿಲಿಆಂಪಿಯರಿಗಿಂತ ಕೆಳಗೆ ಬಿದ್ದಿರುತ್ತದೆ. 3.6ಕ್ಕೆ ಇಳಿದರೆ ಅದು ಉಪಕರಣದ ದೋಷ ಎಂದು ತಿಳಿಯಬೇಕೆಂಬ ನಾಮುರ್ ಎನ್‌ಇ 43 ಶಿಫಾರಸನ್ನು ಡಿಸಿಎಸ್‌ನಲ್ಲಿ ಅಳವಡಿಸಿದ್ದರೆ ಕಂಟ್ರೋಲರ್ ವಾಲ್ವನ್ನು ಇದ್ದಲ್ಲೇ ಹಿಡಿದುಕೊಂಡು ಆಪರೇಟರನ್ನು ಕೂಗುವಂತೆ ಮಾಡಬಹುದು. ಅಳವಡಿಸಿರದಿದ್ದರೆ ಅದು ಹರಿವು ಸೊನ್ನೆಯಾಯಿತೆಂದೇ ನಂಬಿ ವಾಲ್ವನ್ನು ಪೂರ್ತಿ ತೆರೆದುಬಿಡುತ್ತದೆ.

ಕರೆಂಟ್ ಪೂರ್ತಿ ಹೋಗುವುದಕ್ಕಿಂತ ಅರೆಬರೆ ಹೋಗುವುದು ಹೆಚ್ಚು ಅಪಾಯ. ಇದಕ್ಕೆ ನ್ಯೂಯಾರ್ಕ್ ರಾಜ್ಯದ ನೈನ್ ಮೈಲ್ ಪಾಯಿಂಟ್ ಸ್ಥಾವರದ ಎರಡನೇ ಘಟಕಕ್ಕಿಂತ ಒಳ್ಳೆಯ ಪಾಠ ಸಿಗಲಾರದು. 1991ರ ಆಗಸ್ಟ್ 13ರ ಬೆಳಗಿನ ಜಾವ ಅಲ್ಲಿನ ಮುಖ್ಯ ಟ್ರಾನ್ಸ್‌ಫಾರ್ಮರಿನ ಒಂದು ಫೇಸಿನಲ್ಲಿ ದೋಷ ಕಾಣಿಸಿಕೊಂಡಿತು, ವೋಲ್ಟೇಜ್ ಅರೆಗಳಿಗೆ ಕುಸಿಯಿತು. ಬ್ಯಾಟರಿ, ಇನ್ವರ್ಟರ್ ಎಲ್ಲ ಸರಿಯಾಗಿದ್ದ ಐದು ಯುಪಿಎಸ್‌ಗಳು ಒಟ್ಟಿಗೇ ನಿಂತವು. ಎಚ್ಚರಿಕೆ ದೀಪಗಳಿಲ್ಲ, ಕಂಪ್ಯೂಟರಿಲ್ಲ, ಕಂಟ್ರೋಲ್ ರಾಡುಗಳು ಎಲ್ಲಿವೆ ಎಂದು ತೋರಿಸುವ ಸೂಚಕವಿಲ್ಲ. ರಿಯಾಕ್ಟರ್ ನಿಂತಿದ್ದು ನಿಜ, ರಾಡುಗಳೆಲ್ಲ ಒಳಗೆ ಹೋಗಿವೆಯೇ ಎಂದು ಕಣ್ಣಿಗೆ ತೋರಿಸುವ ಸಾಧನ ಮಾತ್ರ ಇರಲಿಲ್ಲ. ಸೈಟ್ ಏರಿಯಾ ಎಮರ್ಜೆನ್ಸಿ ಘೋಷಿಸಬೇಕಾಯಿತು. ಯುಪಿಎಸ್‌ಗಳನ್ನು ಕೈಯಿಂದ ಮರಳಿಸಲು ಸುಮಾರು ಅರ್ಧ ಗಂಟೆ ಹಿಡಿಯಿತು.

ತನಿಖೆಯಲ್ಲಿ ಹೊರಬಂದ ಸಂಗತಿ ಸಣ್ಣದು, ಆದರೆ ಪ್ರತಿಯೊಬ್ಬ ಪ್ಯಾನಲ್ ಎಂಜಿನಿಯರೂ ಗೋಡೆಗೆ ಅಂಟಿಸಿಕೊಳ್ಳುವಂಥದ್ದು. ಯುಪಿಎಸ್‌ನ ಮಿದುಳಾದ ಲಾಜಿಕ್ ಬೋರ್ಡಿಗೆ ಕರೆಂಟು ಬರುತ್ತಿದ್ದದ್ದು ಯುಪಿಎಸ್‌ನ ಸ್ವಂತ ಔಟ್‌ಪುಟ್‌ನಿಂದಲ್ಲ, ಮೇಂಟೆನೆನ್ಸ್ ಲೈನಿನಿಂದ. ಆ ಲೈನು ಹೋದರೆ ಔಟ್‌ಪುಟ್ ಕಡೆಗೆ ಬದಲಾಯಿಸಲು ಒಂದು ರಿಲೇ ಇತ್ತು. ವೋಲ್ಟೇಜು ಬೋರ್ಡಿನ ಪವರ್ ಸಪ್ಲೈ ನಿಲ್ಲುವಷ್ಟು ಕುಸಿಯಿತು, ರಿಲೇ ಬಿಡುವಷ್ಟು ಕುಸಿಯಲಿಲ್ಲ. ಹೀಗಾಗಿ ರಿಲೇ ಸತ್ತ ಲೈನನ್ನೇ ಭದ್ರವಾಗಿ ಹಿಡಿದು ಕೂತಿತು. ಇದಕ್ಕೂ ಮೇಲೆ ಬೋರ್ಡಿಗೆಂದೇ ಇಟ್ಟಿದ್ದ ಪುಟ್ಟ ಬ್ಯಾಟರಿಗಳು ಎಂದೋ ಸತ್ತಿದ್ದವು.

ಇದು ಆ ಒಂದು ರಿಲೇಯ ಕೆಟ್ಟಬುದ್ಧಿಯಲ್ಲ, ಎಲ್ಲ ಎಸಿ ಕಾಯಿಲುಗಳ ಹುಟ್ಟುಗುಣ. ಎಸಿ ಕಾಂಟ್ಯಾಕ್ಟರ್ ತನ್ನ ವೋಲ್ಟೇಜಿನ 75ರಿಂದ 20 ಪ್ರತಿಶತದ ನಡುವೆ ಎಲ್ಲಿ ಬೇಕಾದರೂ ಬಿಡಬಹುದು ಎಂದು ಐಇಸಿ 60947-4-1 ಮಾನದಂಡವೇ ಅವಕಾಶ ಕೊಡುತ್ತದೆ. 230 ವೋಲ್ಟಿನ ಲೈನು 100 ವೋಲ್ಟಿಗೆ ಇಳಿದು ಕೂತರೆ ಅಗ್ಗದ ಚೇಂಜ್‌ಓವರ್ ರಿಲೇ ಎಲ್ಲ ಚೆನ್ನಾಗಿದೆ ಎಂದೇ ತಿಳಿದಿರುತ್ತದೆ. ಅತ್ತ ಫ್ಲೋಮೀಟರ್ ಉಸಿರು ಬಿಟ್ಟಿರುತ್ತದೆ, ಇತ್ತ ಎರಡನೇ ಸಪ್ಲೈ ಪೂರ್ಣ ಆರೋಗ್ಯದಿಂದ ಕೈಕಟ್ಟಿ ನಿಂತಿರುತ್ತದೆ. ಕಾಯಿಲ್ ಬಿಟ್ಟಾಗ ಬದಲಾಗಲಿ ಎಂದು ನೆಚ್ಚಿಕೊಳ್ಳುವ ಬದಲು ವೋಲ್ಟೇಜನ್ನು ಅಳೆದು, ಇಂತಿಷ್ಟಕ್ಕಿಂತ ಕೆಳಗಿಳಿದರೆ ದಾಟು ಎಂದು ಹೇಳುವ ಸರ್ಕಿಟ್ ಬೇಕು. ಆ ಮಟ್ಟ ಉಪಕರಣ ಸಾಯುವ ಮಟ್ಟಕ್ಕಿಂತ ಮೇಲಿರಬೇಕು. ಟೆಂಡರಿನಲ್ಲಿ ಈ ಒಂದು ಸಾಲು ಬರೆಯುವ ಖರ್ಚು ಶಾಯಿಯದ್ದಷ್ಟೇ.

ಇನ್ನು ಮೇಲಕ್ಕೆ ಜಿಗಿಯುವ ವೋಲ್ಟೇಜು. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದ ಒಂದನೇ ಘಟಕದಲ್ಲಿ 2006ರ ಜುಲೈ 25ರಂದು 400 ಕಿಲೋವೋಲ್ಟ್ ಸ್ವಿಚ್‌ಯಾರ್ಡಿನ ಕೆಲಸದ ವೇಳೆ ಶಾರ್ಟ್ ಸರ್ಕಿಟ್ ಆಯಿತು. ವೋಲ್ಟೇಜ್ ಮೊದಲು ಕುಸಿಯಿತು, ಸ್ಥಾವರ ಗ್ರಿಡ್ಡಿನಿಂದ ಬೇರ್ಪಟ್ಟ ಕೂಡಲೇ ಎತ್ತರಕ್ಕೆ ಚಿಮ್ಮಿತು. ನಾಲ್ಕು ಸುರಕ್ಷತಾ ಸಾಲುಗಳಲ್ಲಿ ಎರಡರ ಯುಪಿಎಸ್‌ಗಳು ಆ ಜಿಗಿತಕ್ಕೆ ಟ್ರಿಪ್ ಆದವು. ಚಾರ್ಜರ್ ಮಾತ್ರ ಬಿದ್ದು ಇನ್ವರ್ಟರ್ ಬ್ಯಾಟರಿಯ ಮೇಲೆ ನಡೆಯಬೇಕಿತ್ತು. ಎರಡರ ರಕ್ಷಣೆಯ ಮಟ್ಟಗಳಿಗೂ ಹೊಂದಾಣಿಕೆ ಇಲ್ಲದ್ದರಿಂದ ಎರಡೂ ಬಿದ್ದವು. ಮುಂದಿನದು ಇನ್ನೂ ಸ್ವಾರಸ್ಯ. ಆ ಎರಡು ಸಾಲಿನ ಡೀಸೆಲ್ ಜನರೇಟರುಗಳು ಸರಿಯಾಗಿಯೇ ಸ್ಟಾರ್ಟ್ ಆದವು, ಆದರೆ ಬಸ್ಸಿಗೆ ಸೇರಲಿಲ್ಲ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅಳೆಯುವ ಉಪಕರಣಕ್ಕೆ ಕರೆಂಟು ಬರುತ್ತಿದ್ದದ್ದು ಸತ್ತುಹೋದ ಅದೇ ಯುಪಿಎಸ್ ಬಸ್ಸಿನಿಂದ! ವೇಗ ಗೊತ್ತಿಲ್ಲ ಎಂದ ಮೇಲೆ ಬ್ರೇಕರ್ ಮುಚ್ಚುವುದಿಲ್ಲ. ಸುಮಾರು 22 ನಿಮಿಷದ ಮೇಲೆ ಆಪರೇಟರುಗಳು ಕೈಯಿಂದ ಬಸ್ಸಿಗೆ ಕರೆಂಟ್ ಕೊಟ್ಟರು.

ನಿಮ್ಮ ಡಿ.ಜಿ. ಸೆಟ್ಟಿನ ಕಂಟ್ರೋಲ್ ಪ್ಯಾನಲ್ ಎಲ್ಲಿಂದ ಉಣ್ಣುತ್ತದೆ, ಯುಪಿಎಸ್ ಕೋಣೆಯ ಏರ್ ಕಂಡಿಷನರ್ ಯಾವ ಬೋರ್ಡಿಗೆ ಸೇರಿದೆ, ಟ್ರಾನ್ಸ್‌ಫರ್ ಸ್ವಿಚ್ಚಿನ ಲಾಜಿಕ್ ಯಾವ ಫೀಡರಿನಿಂದ ಬದುಕುತ್ತದೆ ಎಂದು ಒಮ್ಮೆ ಬೆರಳಿಟ್ಟು ಹುಡುಕಿದರೆ ಇಂಥ ತಿರುಗುಣಿ ಗಂಟು ಒಂದಾದರೂ ಸಿಕ್ಕೀತು. ಕಾಗದದ ಮೇಲಿನ ಸಿಂಗಲ್ ಲೈನ್ ಡಯಾಗ್ರಾಮಿನಲ್ಲಿ ಅದು ಕಾಣುವುದಿಲ್ಲ. ಆ ಚಿತ್ರ ಬರೆಯುವವರು ದೊಡ್ಡ ಬ್ರೇಕರುಗಳನ್ನು ಬರೆಯುತ್ತಾರೆ, 2 ಆಂಪಿಯರಿನ ಫ್ಯೂಸನ್ನು ಯಾರು ಬರೆಯುತ್ತಾರೆ?

ಆದರೆ ಆಟವೆಲ್ಲ ಇರುವುದು ಆ 2 ಆಂಪಿಯರಿನ ಫ್ಯೂಸಿನಲ್ಲೇ. ಮಳೆಗಾಲದಲ್ಲಿ ಒಂದು ಜಂಕ್ಷನ್ ಬಾಕ್ಸಿಗೆ ನೀರು ನುಗ್ಗಿ ಒಂದು ಫ್ಲೋಮೀಟರಿನ ಲೈನು ಶಾರ್ಟ್ ಆಯಿತೆನ್ನಿ. ಗ್ರಿಡ್ಡಿನ ಲೈನಾಗಿದ್ದರೆ ನೂರಾರು ಆಂಪಿಯರ್ ಹರಿದು ಎಂಸಿಬಿ ತಕ್ಷಣ ಬೀಳುತ್ತಿತ್ತು. ಯುಪಿಎಸ್ ಅಷ್ಟು ಉದಾರಿಯಲ್ಲ. 230 ವೋಲ್ಟಿನ 5 ಕೆವಿಎ ಯುಪಿಎಸ್‌ನ ಪೂರ್ಣ ಲೋಡೇ ಸುಮಾರು 22 ಆಂಪಿಯರ್. ಶಾರ್ಟ್ ಆದರೆ ಇನ್ವರ್ಟರ್ ಅದರ ಎರಡು ಮೂರು ಪಟ್ಟು ಕೊಟ್ಟರೆ ಹೆಚ್ಚು. 10 ಆಂಪಿಯರಿನ ಸಿ ಮಾದರಿಯ ಎಂಸಿಬಿ ತಟ್ಟನೆ ಬೀಳಲು 50ರಿಂದ 100 ಆಂಪಿಯರ್ ಬೇಕು. ಎಂಸಿಬಿ ಬೀಳುವುದಿಲ್ಲ, ವೋಲ್ಟೇಜ್ ಬೀಳುತ್ತದೆ. ಅದೂ ಆ ಫ್ಲೋಮೀಟರಿಗೆ ಮಾತ್ರವಲ್ಲ, ಆ ಯುಪಿಎಸ್ ಅಡಿಯ ಎಲ್ಲ ಉಪಕರಣಗಳಿಗೂ. ಸಾಮಾನ್ಯ ದಿನಗಳಲ್ಲಿ ಸ್ಟ್ಯಾಟಿಕ್ ಬೈಪಾಸ್ ತೆರೆದು, ಗ್ರಿಡ್ಡಿನ ಕರೆಂಟಿನಿಂದ ಎಂಸಿಬಿಯನ್ನು ಕೆಡವಿ ಮಾನ ಉಳಿಸುತ್ತದೆ. ಗ್ರಿಡ್ ಹೋಗಿ ಬ್ಯಾಟರಿ ಮೇಲೆ ನಡೆಯುವಾಗ ಬೈಪಾಸ್ ಎಲ್ಲಿಂದ ಬರಬೇಕು?

ಇಲ್ಲೇ ಇಮ್ಮಡಿ ಸಪ್ಲೈಯ ಅತಿ ಕೆಟ್ಟ ಚೇಷ್ಟೆ ನಡೆಯುವುದು. ಶಾರ್ಟ್ ಆದ ಉಪಕರಣದ ಎರಡು ಸಪ್ಲೈಗಳನ್ನು ಎ, ಬಿ ಎನ್ನೋಣ. ಅದರ ಮೇಲಿರುವ ಟ್ರಾನ್ಸ್‌ಫರ್ ಸ್ವಿಚ್ಚು ಎ ಫೀಡರಿನ ವೋಲ್ಟೇಜ್ ಕುಸಿದದ್ದನ್ನು ನೋಡುತ್ತದೆ. ಎ ಕೆಟ್ಟಿದೆ ಎಂದು ತೀರ್ಮಾನಿಸಿ ಲೋಡನ್ನು ಬಿಗೆ ಎತ್ತಿ ಹಾಕುತ್ತದೆ. ಲೋಡಿನ ಜೊತೆಗೆ ಶಾರ್ಟನ್ನೂ! ಈಗ ಬಿ ಬಸ್ಸೂ ಕುಸಿಯುತ್ತದೆ. ಸ್ವತಂತ್ರವಾಗಿದ್ದ ಎರಡು ಮೂಲಗಳನ್ನು ಒಂದೇ ದೋಷ ಒಂದಾದ ಮೇಲೊಂದು ಉರುಳಿಸಿತು. ಅದಕ್ಕೆ ಸೇತುವೆಯಾದದ್ದು ಸುರಕ್ಷತೆಗೆಂದು ಹಾಕಿದ ಸ್ವಿಚ್ಚೇ. ಒಳ್ಳೆಯ ಸ್ಟ್ಯಾಟಿಕ್ ಸ್ವಿಚ್ಚುಗಳು ವೋಲ್ಟೇಜ್ ಕುಸಿದಾಗ ಕರೆಂಟನ್ನೂ ನೋಡುತ್ತವೆ. ಕರೆಂಟ್ ಏರಿ ವೋಲ್ಟೇಜ್ ಕುಸಿದಿದ್ದರೆ ತಪ್ಪು ಕೆಳಗಿದೆ ಎಂದು ತಿಳಿದು ದಾಟದೆ ನಿಲ್ಲುತ್ತವೆ. ಪ್ಯಾನಲ್‌ನವರು ಕಟ್ಟಿದ ಎರಡು ಕಾಂಟ್ಯಾಕ್ಟರುಗಳಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಒಂದೊಂದು ಉಪಕರಣಕ್ಕೂ ತನ್ನದೇ ಆದ, ಇನ್ವರ್ಟರ್ ಕೊಡುವ ಅಷ್ಟಿಷ್ಟು ಕರೆಂಟಿಗೇ ಬೇಗ ಹೋಗುವ ಸಣ್ಣ ಫ್ಯೂಸ್ ಹಾಕಿದರೆ ಈ ರೋಗ ಬುಡದಲ್ಲೇ ನಿಲ್ಲುತ್ತದೆ. ಹತ್ತು ಉಪಕರಣಗಳನ್ನು ಒಂದು ದೊಡ್ಡ ಎಂಸಿಬಿಯ ಕೆಳಗೆ ಕಟ್ಟಿ ಉಳಿಸುವ ಹಣ ಉಳಿತಾಯವೇ ಅಲ್ಲ.

ಮತ್ತೊಂದು ಸಂಗತಿ ಕೇಬಲ್ ಹೋಗುವ ದಾರಿಯದು. ಇದಕ್ಕೆ ಅಮೆರಿಕ, ಸ್ವೀಡನ್ನುಗಳಿಗೆ ಹೋಗಬೇಕಿಲ್ಲ. ಉತ್ತರ ಪ್ರದೇಶದಲ್ಲಿ ಗಂಗೆಯ ದಡದ ನರೋರಾ ಅಣುಸ್ಥಾವರದ ಒಂದನೇ ಘಟಕದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಬ್ಲೇಡುಗಳು ಮುರಿದವು, ಜನರೇಟರಿನ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಎಣ್ಣೆಗೆ ಹತ್ತಿದ ಬೆಂಕಿ ಕೇಬಲ್‌ಗಳಿಗೆ ತಾಗಿತು. ಮುಖ್ಯ ಸಪ್ಲೈಯ ಕೇಬಲ್ಲೂ ಬದಲಿ ಸಪ್ಲೈಯ ಕೇಬಲ್ಲೂ ಸಾಕಷ್ಟು ಅಂತರವಿಲ್ಲದೆ, ನಡುವೆ ಬೆಂಕಿ ತಡೆಯಿಲ್ಲದೆ ಒಟ್ಟಿಗೆ ಸಾಗಿದ್ದವು. ಒಟ್ಟಿಗೇ ಸುಟ್ಟವು. ಹದಿನೇಳು ಗಂಟೆ ಸ್ಥಾವರದಲ್ಲಿ ಕರೆಂಟ್ ಇರಲಿಲ್ಲ. ಹೊಗೆ ತುಂಬಿದ ಕಂಟ್ರೋಲ್ ರೂಮನ್ನು ಬಿಟ್ಟು ಹೊರಬರಬೇಕಾಯಿತು. ಸಿಬ್ಬಂದಿ ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ, ಬೋರಾನ್ ದ್ರಾವಣ ಬಿಡುವ ವಾಲ್ವುಗಳನ್ನು ಕೈಯಿಂದ ತೆರೆದರು. ಡೀಸೆಲಿನಿಂದ ಓಡುವ ಅಗ್ನಿಶಾಮಕ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ ನೀರು ಹಾಯಿಸಿದರು. ಆ ರಾತ್ರಿ ಅವರು ಮಾಡಿದ್ದು ಸಾಹಸವೇ ಸರಿ. ಒಂದೇ ಟ್ರೇಯಲ್ಲಿ ಎ ಮತ್ತು ಬಿ ಫೀಡರುಗಳನ್ನು ಜೊತೆಜೊತೆಯಾಗಿ ಮಲಗಿಸುವ ಗುತ್ತಿಗೆದಾರರಿಗೆ ಈ ಕಥೆಯನ್ನು ಹೇಳುವವರು ಯಾರು?

ಹಾಗಿದ್ದರೆ ಮಾಡುವುದೇನು? ಈ ಪತ್ರದ ಮೊದಲ ಸಲಹೆ ಎಸಿ ಎಂಜಿನಿಯರುಗಳಿಗೆ ಅಷ್ಟು ರುಚಿಸಲಿಕ್ಕಿಲ್ಲ: ಸಾಧ್ಯವಿರುವಲ್ಲೆಲ್ಲ ಎಸಿಯಲ್ಲಿ ಇಮ್ಮಡಿ ಮಾಡಲು ಹೋಗಬೇಡಿ. ಮ್ಯಾಗ್ನೆಟಿಕ್ ಫ್ಲೋಮೀಟರ್, ಕೊರಿಯಾಲಿಸ್ ಮೀಟರುಗಳಲ್ಲಿ 24 ವೋಲ್ಟ್ ಡಿಸಿಯಿಂದ ನಡೆಯುವ ಮಾದರಿಗಳು ಮಾರುಕಟ್ಟೆಯಲ್ಲಿವೆ. ಎ ಫೀಡರಿನಿಂದ ಒಂದು, ಬಿ ಫೀಡರಿನಿಂದ ಇನ್ನೊಂದು ಎಸಿ–ಡಿಸಿ ಪವರ್ ಸಪ್ಲೈ ಇಟ್ಟು ಡಯೋಡುಗಳ ಮೂಲಕ ಸೇರಿಸಿದರೆ ಫೇಸು, ನ್ಯೂಟ್ರಲ್ಲು, ಸಂದು ಎಂಬ ಜಗಳಗಳೆಲ್ಲ ಆಚೆಯೇ ಉಳಿಯುತ್ತವೆ. ದೂರ ಹೆಚ್ಚಿದ್ದರೆ ಡಿಸಿ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ, ಆದ್ದರಿಂದ ಈ ಜೋಡಣೆ ಉಪಕರಣದ ಹತ್ತಿರವೇ ಇರಬೇಕು. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಸಿಬ್ಬಂದಿ ವಾಹನಗಳ 12 ವೋಲ್ಟ್ ಬ್ಯಾಟರಿಗಳನ್ನು ಬಿಚ್ಚಿ ತಂದು ಜೋಡಿಸಿ ನೀರಿನ ಮಟ್ಟದ ಉಪಕರಣಗಳಿಗೆ ಜೀವ ಕೊಡಲು ಸಾಧ್ಯವಾದದ್ದು ಆ ಉಪಕರಣಗಳು ಡಿಸಿಯವಾಗಿದ್ದರಿಂದ.

ಹೀಟರಿರುವ ಅನಲೈಸರುಗಳಿಗೆ, ದೊಡ್ಡ ಆಕ್ಚುಯೇಟರುಗಳಿಗೆ ಎಸಿ ತಪ್ಪಿದ್ದಲ್ಲ. ಅಲ್ಲಿ ಎರಡು ಯುಪಿಎಸ್‌ಗಳನ್ನು ಪ್ಯಾರಲಲ್ ಮಾಡಿ ಒಂದೇ ಬಸ್ಸಿಗೆ ಕಟ್ಟಿ, ಆ ಬಸ್ಸಿನಿಂದಲೇ ಎ ಮತ್ತು ಬಿ ಎಂದು ಎರಡು ಫೀಡರ್ ಎಳೆದರೆ ಯಂತ್ರ ಎರಡಾದರೂ ಬಸ್ ಒಂದೇ ಉಳಿಯುತ್ತದೆ. ಬಸ್ಸುಗಳೂ ಬೇರೆಯಾಗಿರಲಿ. ಟ್ರಾನ್ಸ್‌ಫರ್ ಸ್ವಿಚ್ಚು ಫೇಸಿನ ಜೊತೆ ನ್ಯೂಟ್ರಲ್ಲನ್ನೂ ಬದಲಾಯಿಸುವ ಡಬಲ್ ಪೋಲ್ ಮಾದರಿಯದಾಗಿರಲಿ, ಇಲ್ಲವಾದರೆ ಎರಡು ಯುಪಿಎಸ್‌ಗಳ ನ್ಯೂಟ್ರಲ್ಲುಗಳು ಅಲ್ಲಿ ಒಂದಾಗಿ ಅರ್ತ್ ಲೀಕೇಜ್ ಟ್ರಿಪ್ಪುಗಳು ಕಾರಣ ತಿಳಿಯದಂತೆ ಕಾಡುತ್ತವೆ. ಮೂರರಲ್ಲಿ ಎರಡರ ಮತ ಕೇಳುವ ಟ್ರಿಪ್ ಲಾಜಿಕ್ ಇದ್ದಲ್ಲಿ ಮೂರು ಉಪಕರಣಗಳನ್ನೂ ಒಂದೇ ಎಂಸಿಬಿಗೆ ಕಟ್ಟುವುದು ಮತಗಟ್ಟೆಯನ್ನೇ ಅಪಹರಿಸಿದಂತೆ. ಮೂರಕ್ಕೂ ಬೇರೆ ಬೇರೆ ಫೀಡರ್ ಕೊಟ್ಟರೆ ಟ್ರಾನ್ಸ್‌ಫರ್ ಸ್ವಿಚ್ಚೇ ಬೇಕಾಗದೆ ಹೋಗಬಹುದು. ಎರಡು ಸಪ್ಲೈಗಳಲ್ಲಿ ಒಂದು ಹೋದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರಲೇಬೇಕು. ಅಲಾರಂ ಇಲ್ಲದ ಕಡೆ ಬಿ ಫೀಡರ್ ವರ್ಷದ ಹಿಂದೆ ಹೋಗಿದ್ದರೂ ತಿಳಿಯುವುದು ಎ ಹೋದ ದಿನ.

ನಮ್ಮ ಕೈಗಾ ಅಣುಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿತು. ಹೀಗೆ ಎರಡೂವರೆ ವರ್ಷ ನಿಲ್ಲದೆ ಓಡುವ ಯಾವುದೇ ಸ್ಥಾವರದಲ್ಲಿ ಯುಪಿಎಸ್‌ನ ಕೆಪಾಸಿಟರು, ಫ್ಯಾನು, ಬ್ಯಾಟರಿಗಳು ಶಟ್‌ಡೌನಿಗಾಗಿ ಕಾದು ಕೂರುವುದಿಲ್ಲ. ಒಂದು ಸಾಲನ್ನು ನಿಲ್ಲಿಸಿ ದುರಸ್ತಿ ಮಾಡುವಾಗ ಇನ್ನೊಂದು ಸಾಲು ಒಂಟಿಯಾಗಿ ಹೊರಬೇಕು. ಇಮ್ಮಡಿ ಸಪ್ಲೈ ದಿನನಿತ್ಯ ಕೆಲಸಕ್ಕೆ ಬರುವುದು ಅಪಘಾತಕ್ಕಿಂತ ಹೆಚ್ಚಾಗಿ ಈ ದುರಸ್ತಿಗೆ. ಆದ್ದರಿಂದಲೇ ಸ್ವಿಚ್ಚನ್ನು ಬೈಪಾಸ್ ಮಾಡಿ ಬಿಚ್ಚಿ ತೆಗೆಯುವ ಏರ್ಪಾಡೂ ಇರಬೇಕು. ಸ್ವಿಚ್ಚೂ ಒಂದು ಯಂತ್ರವೇ, ಅದೂ ಕೆಡುತ್ತದೆ.

ಮುಂದಿನ ಶಟ್‌ಡೌನಿನ ಕೆಲಸದ ಪಟ್ಟಿಗೆ ಸೇರಿಸಬಹುದಾದ ಪರೀಕ್ಷೆ ಎರಡು ಬಗೆಯದು. ಮೊದಲನೆಯದು ನೇರ: ಉಪಕರಣಗಳು ಲೋಡಿನಲ್ಲಿರುವಾಗಲೇ ಎ ಫೀಡರನ್ನು ಎಳೆದು ಕೆಡವಿ, ಯಾವ ಉಪಕರಣ ಎಷ್ಟು ಸೆಕೆಂಡಿಗೆ ಸರಿಯಾದ ಅಳತೆಗೆ ಮರಳಿತು ಎಂದು ಡಿಸಿಎಸ್ ಟ್ರೆಂಡಿನಲ್ಲಿ ನೋಡಿ ಬರೆದುಕೊಳ್ಳುವುದು, ಆಮೇಲೆ ಎ ಮರಳಿಸಿ ಬಿ ಕೆಡವುವುದು. ಎರಡನೆಯದನ್ನು ಮಾಡುವವರು ಕಡಿಮೆ. ಎ ಕಡೆ ಒಂದು ಡಿಮ್ಮರ್‌ಸ್ಟ್ಯಾಟ್ ಇಟ್ಟು ವೋಲ್ಟೇಜನ್ನು 230ರಿಂದ ಮೆಲ್ಲನೆ ಇಳಿಸುತ್ತ ಬರಬೇಕು. ಸ್ವಿಚ್ಚು ಯಾವ ವೋಲ್ಟೇಜಿನಲ್ಲಿ ದಾಟಿತು ಎಂಬುದು ಒಂದು ಅಂಕಿ. ಬಿ ಕಡೆಯನ್ನು ಬಿಚ್ಚಿಟ್ಟು ಮತ್ತೆ ಇಳಿಸಿದಾಗ ಉಪಕರಣ ಯಾವ ವೋಲ್ಟೇಜಿನಲ್ಲಿ ನಿಂತಿತು ಎಂಬುದು ಇನ್ನೊಂದು. ಮೊದಲ ಅಂಕಿ ಎರಡನೆಯದಕ್ಕಿಂತ ಕೆಳಗಿದ್ದರೆ ಆ ಸ್ವಿಚ್ಚನ್ನು ಅವತ್ತೇ ಬದಲಾಯಿಸಬೇಕು. ಎರಡೂ ಅಂಕಿಗಳನ್ನು ಪ್ಯಾನಲ್ ಬಾಗಿಲಿನ ಒಳಮೈಗೆ, ದಿನಾಂಕದ ಸಮೇತ, ಅಳಿಸದ ಶಾಯಿಯಲ್ಲಿ ಬರೆದು ಅಂಟಿಸಿದರೆ ರಾತ್ರಿ ಶಿಫ್ಟಿನಲ್ಲಿ ಬಾಗಿಲು ತೆರೆಯುವವರಿಗೆ ಫೋನ್ ಮಾಡುವ ಕಷ್ಟ ತಪ್ಪುತ್ತದೆ.

ಇಂತಿ,
ನಿಮ್ಮ ಕಸುಬಿನ ಒಬ್ಬ ಹಿತೈಷಿ